ವಿಭೂತಿ ಹಚ್ಚದ ಲೇಥು

ಮಹಾನವಮಿಯ ಖಂಡೆ ಪೂಜೆಯ ದಿನ ರಾಜಶೇಖರರ ಕಾರ್ಖಾನೆಯಲ್ಲಿ ಏಳು ಯಂತ್ರಗಳ ಪೈಕಿ ಆರಕ್ಕೆ ಮಾತ್ರ ವಿಭೂತಿ ಬೀಳುತ್ತಿತ್ತು. ಆರಕ್ಕೂ ಚೆಂಡುಹೂವಿನ ಮಾಲೆ, ಕುಂಕುಮ, ಎರಡು ಬದಿಗೆ ಕಬ್ಬು. ಮೂಲೆಯಲ್ಲಿದ್ದ ನಾಲ್ಕನೇ ನಂಬರಿನ ಲೇಥು ಮಾತ್ರ, ಮದುವೆಮನೆಗೆ ಕೆಲಸದ ಬಟ್ಟೆಯಲ್ಲೇ ಬಂದ ಮನುಷ್ಯನಂತೆ ಬೋಳಾಗಿ ನಿಂತಿರುತ್ತಿತ್ತು. ಅದು ಸಿಲಾಸ ಅಮ್ಮಿನಬಾವಿಯ ಲೇಥು. ಮೂವತ್ತೆಂಟು ವರ್ಷ ಹೀಗೇ ನಡೆದು, ಕಡೆಕಡೆಗೆ ಪೂಜೆಯ ತಟ್ಟೆ ಹಿಡಿದವರು ಆ ಮೂಲೆಗೆ ತಿರುಗಿ ಸಹ ನೋಡುತ್ತಿರಲಿಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಒಳಗೆ ಹೊರಳಿದರೆ ಇಂಥ ಕಾರ್ಖಾನೆಗಳು ಸಾಲಾಗಿ ಸಿಗುತ್ತವೆ. ಇದೂ ಅಂಥದ್ದೇ ಒಂದು. ತಗಡಿನ ಸೂರು, ಹನ್ನೊಂದು ಜನ. ಹತ್ತಿ ಹಿಂಜುವ ಗಿರಣಿಗಳಿಗೂ ನೀರಿನ ಪಂಪುಗಳಿಗೂ ಬೇಕಾದ ಶಾಫ್ಟು, ಅಂದರೆ ಒಳಗೆ ತಿರುಗುವ ಉಕ್ಕಿನ ದಂಡ, ಇಲ್ಲಿ ತಯಾರಾಗುತ್ತದೆ. ಲೇಥಿನ ದವಡೆಗೆ ಸಿಕ್ಕಿದ ಉಕ್ಕು ಗಿರಗಿರ ತಿರುಗುತ್ತಿರುವಾಗ ಟರ್ನರ್ ಅದಕ್ಕೆ ಉಳಿ ಒಡ್ಡುತ್ತಾನೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಶಾಫ್ಟು ಗುಜರಿಗೆ ಹೋಗುತ್ತದೆ. ಹಾಗಾಗಿ ಒಳ್ಳೆಯ ಟರ್ನರ್ ಎಂದರೆ ಕಾರ್ಖಾನೆಯಲ್ಲಿ ಮಾಲೀಕನಿಗಿಂತ ಒಂದು ಕೈ ಮೇಲೇ ಎನ್ನಬೇಕು.

ಸಿಲಾಸ ಇಲ್ಲಿಗೆ ಬಂದಾಗ ಅವನಿಗೆ ಇಪ್ಪತ್ತೆರಡು. ಮುತ್ತಜ್ಜನ ಕಾಲಕ್ಕೆ ಅಮ್ಮಿನಬಾವಿ ಬಿಟ್ಟು ಹುಬ್ಬಳ್ಳಿ ಸೇರಿ, ಮಿಷನ್ನಿನವರ ಕೈಯಲ್ಲಿ ದೀಕ್ಷಾಸ್ನಾನ ಪಡೆದ ಮನೆತನ. ಊರು ಹೋಯಿತು, ಅಡ್ಡಹೆಸರಿನಲ್ಲಿ ಉಳಿಯಿತು. ಆಗ ಕಾರ್ಖಾನೆ ನಡೆಸುತ್ತಿದ್ದವರು ರಾಜಶೇಖರರ ತಂದೆ ಫಕೀರಪ್ಪ. ಹಣೆಗೆ ಮೂರು ಬೆರಳು ವಿಭೂತಿ ಇಲ್ಲದೆ ಬೀಗದ ಕೈ ಮುಟ್ಟದ ಮನುಷ್ಯ. ಮೊದಲ ವರ್ಷದ ಖಂಡೆ ಪೂಜೆಗೆ ಅವರು ತಟ್ಟೆ ಹಿಡಿದು ನಾಲ್ಕನೇ ನಂಬರಿನ ಹತ್ತಿರ ಬಂದರು. ಹುಡುಗ ಕೈ ಮುಂದೆ ಮಾಡಲಿಲ್ಲ.

"ಯಾಕ ತಮ್ಮಾ, ಏನಾತು?"

"ನಾವು ಹಚ್ಚೂದಿಲ್ರೀ ಸಾವ್ಕಾರ್ರ. ನಾವು ಕ್ರಿಶ್ಚನ್ರಿ."

"ಮತ್ತ ಮಷೀನಿಗೆ ನೀ ಏನೂ ಮಾಡೂದಿಲ್ಲೇನು?"

"ಒರಸ್ತೇನ್ರಿ. ಎಣ್ಣಿ ಬಿಡ್ತೇನ್ರಿ."

ಫಕೀರಪ್ಪ, "ಆತು, ಅದನ್ನರ ಛಂದಂಗ ಮಾಡು," ಎಂದು ಮುಂದಿನ ಯಂತ್ರಕ್ಕೆ ಹೋದರು. ನಡೆದದ್ದು ಇಷ್ಟೇ.

ಚರ್ಚಿನಲ್ಲಿ ಮಾತ್ರ ಅದು ಇಷ್ಟಕ್ಕೇ ನಿಲ್ಲಲಿಲ್ಲ. ದಸರೆಯ ನಂತರದ ಭಾನುವಾರದ ಆರಾಧನೆಯಲ್ಲಿ ಯಾರಾದರೂ ಒಬ್ಬರು ಎದ್ದು ತಮ್ಮ ನಂಬಿಕೆಯ ಸಾಕ್ಷಿ ಹೇಳುವ ರೂಢಿ ಇತ್ತು. ಸಭಾಪಾಲಕರು ಆ ವರ್ಷ ಸಿಲಾಸನನ್ನು ಎಬ್ಬಿಸಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮುಂದಿನ ವರ್ಷ ಮತ್ತೆ ಎಬ್ಬಿಸಿದರು. ಐದನೆಯ ವರ್ಷದ ಸಾಕ್ಷಿಯಲ್ಲಿ ಫಕೀರಪ್ಪನವರ ಹುಬ್ಬು ಗಂಟಿಕ್ಕಿತು. ಹತ್ತನೆಯ ವರ್ಷಕ್ಕೆ ಅವರು ಗುಡುಗಿದರು. ಇಪ್ಪತ್ತನೆಯ ವರ್ಷಕ್ಕೆ, ಪಾಪ, ಅವರು ತೀರಿಕೊಂಡು ಎರಡು ವರ್ಷವಾಗಿದ್ದರೂ, "ಪೂಜೆ ಮಾಡು, ಇಲ್ಲಾ ಕೆಲಸ ಬಿಡು" ಎಂದು ಬಾಗಿಲು ತೋರಿಸಿದರು. ಸಿಲಾಸ ಸುಳ್ಳುಗಾರನಲ್ಲ. ಎದುರಿಗೆ ಕೂತ ಹುಡುಗರ ಕಣ್ಣು ಅರಳಿದ ಕಡೆ ತುಸು ಹೆಚ್ಚು ಹೇಳಿದ, ಮರುವರ್ಷ ಆ ಹೆಚ್ಚಿನದೇ ನೆನಪಾಗಿ ಕೂತಿತು. ಸಭೆಯಲ್ಲಿ ಅವನಿಗೆ 'ಬಗ್ಗದ ಸಿಲಾಸಣ್ಣ' ಎಂಬ ಹೆಸರು ಬಂತು. ಸಭೆಯ ಹಿರಿಯನಾದ. ಯಾರಾದರೂ ಹೊಸ ಮೋಟರ್ ಸೈಕಲ್ಲಿನ ಮೋಹಕ್ಕೆ ಬಿದ್ದರೆ, ಟೀವಿ ಮುಂದೆ ಕೂತು ಆರಾಧನೆ ತಪ್ಪಿಸಿದರೆ, "ಇವೆಲ್ಲಾ ಈಗಿನ ವಿಗ್ರಹಾನ ಅದಾವ್ರಿ" ಎಂದು ಮನೆಗೇ ಹೋಗಿ ಹೇಳಿ ಬರುತ್ತಿದ್ದ. ಜನ ಚಹಾ ಕೊಟ್ಟು ಕೇಳುತ್ತಿದ್ದರು.

ಇನ್ನು ಒರೆಸುವ, ಎಣ್ಣೆ ಬಿಡುವ ವಿಷಯ. ಫಕೀರಪ್ಪನವರಿಗೆ ಕೊಟ್ಟ ಮಾತನ್ನು ಸಿಲಾಸ ಉಳಿಸಿಕೊಂಡ, ಸ್ವಲ್ಪ ಜಾಸ್ತಿಯೇ ಉಳಿಸಿಕೊಂಡ. ಬೆಳಗ್ಗೆ ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಬರುತ್ತಿದ್ದ. ಬೀದಿಯ ಚಪ್ಪಲಿಯನ್ನು ಯಂತ್ರದ ಸುತ್ತ ನೆಲಕ್ಕೆ ಬಳಿದ ಹಳದಿ ಗೆರೆಯ ಆಚೆ ಬಿಟ್ಟು, ಲೇಥಿಗೆಂದೇ ಇಟ್ಟ ಬೇರೆ ಬೂಟು ಹಾಕಿಕೊಳ್ಳುತ್ತಿದ್ದ. ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ತಲೆಯಿಂದ ಬಾಲದವರೆಗೆ ಒರೆಸಿ, ಗುಂಡಿ ಒತ್ತುವ ಮೊದಲು ಅಂಗೈಯನ್ನು ಅದರ ನೆತ್ತಿಯ ಮೇಲೆ ಇಟ್ಟು ಒಂದು ಗಳಿಗೆ ನಿಲ್ಲುತ್ತಿದ್ದ. ಕಬ್ಬಿಣ ತಣ್ಣಗಿದೆಯೋ ಹೇಗೋ ನೋಡುವುದು ಎನ್ನುತ್ತಿದ್ದ. ಡಿಸೆಂಬರಿನಲ್ಲಿ ತಣ್ಣಗಲ್ಲದೆ ಇನ್ನೇನಿರುತ್ತದೆ? ಶನಿವಾರ ಸಂಜೆ ಅದಕ್ಕೆ ಹೊದಿಸಲು ಹೆಂಡತಿ ಕರುಣಾಬಾಯಿಯ ಹಳೆಯ ಬಿಳಿ ಸೀರೆ. ಚರ್ಚಿಗೆ ಉಟ್ಟು ಸವೆದದ್ದು, ಒಗೆದು ಮಡಿಚಿದ್ದು. ಆ ಲೇಥನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಸಿಲಾಸನಿಗೆ ಜ್ವರ ಬಂದರೆ ಲೇಥಿಗೂ ರಜೆ.

ಈ ಎಲ್ಲವನ್ನೂ ದಿನಾ ನೋಡಿದವನು ಏಕನಾಥ. ಪಕ್ಕದಲ್ಲಿ ವೆಲ್ಡಿಂಗ್ ಮಾಡುವವನು, ಇಪ್ಪತ್ತೈದು ವರ್ಷದ ಗೆಳೆಯ. ದಸರೆಯ ಸಂಜೆ ಬನ್ನಿ ಎಲೆ ಹಿಡಿದುಕೊಂಡು ಸಿಲಾಸನ ಮನೆಗೆ ತಪ್ಪದೆ ಬರುವನು, ಕ್ರಿಸ್ಮಸ್ಸಿಗೆ ಅಲ್ಲಿಯ ಕರ್ಜಿಕಾಯಿ ತಪ್ಪದೆ ತಿನ್ನುವನು.

ಸಿಲಾಸನಿಗೆ ಅರವತ್ತು ತುಂಬಿತು. ಅಕ್ಟೋಬರ್ ಕಡೆಗೆ ನಿವೃತ್ತಿ ಎಂದಾಯಿತು. ರಾಜಶೇಖರರು ಎರಡು ತಿಂಗಳು ಮುಂಚೆಯೇ ಜುಲ್ಫಿಕಾರ ಎಂಬ ನಲವತ್ತರ ಟರ್ನರ್‌ನನ್ನು ಕರೆತಂದರು. ಅವನು ಹಳೇಹುಬ್ಬಳ್ಳಿಯವನು. ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿ ಆರು ತಿಂಗಳು ಖಾಲಿ ಕೂತಿದ್ದ. ಕೈ ಪಳಗಿತ್ತು, ಮಾತು ಕಡಿಮೆ. ಸಿಲಾಸನನ್ನು ಚಾಚಾ ಎಂದು ಕರೆದ. ಸಿಲಾಸ ಮೊದಲ ದಿನವೇ ಬೂಟು, ಹಳದಿ ಗೆರೆ, ಸೀಮೆಎಣ್ಣೆ, ಅರಿವೆ ಎಲ್ಲ ಹೇಳಿಕೊಟ್ಟ. ಒಂದನ್ನು ಹೇಳಲಿಲ್ಲ.

ನಾಲ್ಕನೇ ನಂಬರಿಗೆ ಒಂದು ಐಬು ಇತ್ತು. ಉಳಿ ಓಡಾಡುವ ಹಳಿ ಎಡತುದಿಯಿಂದ ಒಂದು ಗೇಣು ದೂರದಲ್ಲಿ ಸವೆದಿತ್ತು. ಅಲ್ಲಿಗೆ ಬಂದಾಗ ಉಳಿ ತುಸು ಕೆಳಗೆ ಜಗ್ಗುತ್ತಿತ್ತು, ಶಾಫ್ಟು ಆ ಜಾಗದಲ್ಲಿ ದಪ್ಪಗೆ ಉಳಿಯುತ್ತಿತ್ತು. ಸದ್ದು ಒಂಚೂರು ಭಾರವಾದ ಕೂಡಲೇ ಕೈಚಕ್ರವನ್ನು ಅದರ ಮೇಲಿನ ಅಳತೆಗೆರೆಗಳಲ್ಲಿ ಒಂದೂವರೆ ಗೆರೆ ಒಳಗೆ ದೂಡಬೇಕು, ದಾಟಿದ ಮೇಲೆ ಹಿಂದಕ್ಕೆ ತರಬೇಕು. ಇದನ್ನು ಕಂಡುಕೊಳ್ಳಲು ಸಿಲಾಸನಿಗೆ ಮೂರು ವರ್ಷ ಬೇಕಾಗಿತ್ತು. ಯಾರಿಗೂ ಹೇಳಿರಲಿಲ್ಲ. ಜುಲ್ಫಿಕಾರ ಕೇಳಲಿಲ್ಲ, ತಾನು ಹೇಳಲಿಲ್ಲ ಎಂದು ಅವನು ತನಗೇ ಸಮಾಧಾನ ಹೇಳಿಕೊಂಡ. ಇರುವುದೇ ಗೊತ್ತಿಲ್ಲದ್ದನ್ನು ಜುಲ್ಫಿಕಾರ ಹೇಗೆ ಕೇಳಬೇಕಿತ್ತು?

ಜುಲ್ಫಿಕಾರನ ಶಾಫ್ಟುಗಳು ಒಂದರ ಹಿಂದೊಂದು ಕೆಟ್ಟವು. ಉಳಿ ಬದಲಿಸಿ ನೋಡಿದ, ವೇಗ ತಗ್ಗಿಸಿ ನೋಡಿದ, ತನ್ನ ಕೈಯನ್ನೇ ಶಪಿಸಿಕೊಂಡ. ಊಟದ ಹೊತ್ತಿನಲ್ಲಿ ಡಬ್ಬಿ ತೆರೆದು ತಿನ್ನದೆ ಕೂತಿರುವುದನ್ನು ಸಿಲಾಸ ನೋಡಿದ. ಸೆಪ್ಟೆಂಬರಿನ ಕೊನೆಗೆ ರಾಜಶೇಖರರು ಸಿಲಾಸನನ್ನು ಒಳಗೆ ಕರೆದರು.

"ನೋಡ್ರಿ ಸಿಲಾಸಣ್ಣ, ಇವನ ಕೈಲೆ ಆಗೂದಿಲ್ಲ ಕಾಣಸ್ತೈತಿ. ದಸರಾ ಮುಗೀಲಿ, ಅವನ್ನ ಬಿಡಸ್ತೇನಿ. ನೀವ ಇನ್ನ ಎರಡು ವರ್ಷ ಇದ್ದುಬಿಡ್ರಿ. ಆ ಲೇಥು ನಿಮಗ ಬಿಟ್ರ ಯಾರಿಗೂ ಒಗ್ಗೂದಿಲ್ಲ."

ಸಿಲಾಸ ತಲೆಯಾಡಿಸಿ ಹೊರಗೆ ಬಂದ. ಅವನಿಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಂಜೆ ಮನೆಗೆ ಹೋಗುವಾಗ ಕೀರ್ತನೆ ಗುನುಗಿಕೊಂಡು ಹೋದ. ಊಟಕ್ಕೆ ಮುಂಚೆ ಮಾಡುವ ಪ್ರಾರ್ಥನೆಯಲ್ಲಿ ಎರಡು ವರ್ಷದ ಕೃಪೆಗಾಗಿ ದೇವರನ್ನು ಸ್ತುತಿಸಿದ. ಜುಲ್ಫಿಕಾರನ ಹೆಸರೂ ಸೇರಿಸಿ, ಅವನಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಗಲಿ ಎಂದು ಬೇಡಿದ.

ಆ ಸಲದ ಖಂಡೆ ಪೂಜೆ ಶುಕ್ರವಾರ ಬಂತು. ಎಂದಿನಂತೆ ಕಾರ್ಖಾನೆ ತೊಳೆದರು, ಬಾಗಿಲಿಗೆ ಬಾಳೆಗಿಡ ಕಟ್ಟಿದರು, ಕುಂಕುಮ ತುಂಬಿದ ಬೂದುಗುಂಬಳ ತಯಾರಾಯಿತು. ಪೂಜೆಯ ತಟ್ಟೆ ಏಕನಾಥನ ಕೈಯಲ್ಲಿತ್ತು. ಎಲ್ಲರೂ ಹೊಸ ಬಟ್ಟೆಯಲ್ಲಿ ಗದ್ದಲದಲ್ಲಿದ್ದಾಗ ಜುಲ್ಫಿಕಾರ ಒಂದು ಕಡೆ ಸರಿದು ನಿಲ್ಲಲು ಜಾಗ ಹುಡುಕಿದ. ಹೂವಿಲ್ಲದ ಯಂತ್ರ ಒಂದೇ ಇತ್ತು. ಹಳದಿ ಗೆರೆ ದಾಟಿ, ಬೀದಿಯ ಚಪ್ಪಲಿಯಲ್ಲೇ ಹೋಗಿ, ಕೈಯಲ್ಲಿದ್ದ ಚುರಮರಿಯ ಕಾಗದವನ್ನು ನಾಲ್ಕನೇ ನಂಬರಿನ ಹಳಿಯ ಮೇಲಿಟ್ಟು ಅದಕ್ಕೆ ಒರಗಿ ನಿಂತ.

"ಏ! ಚಪ್ಪಲ್ ಬಿಚ್ಚು! ಕೈ ತಗಿ ಅದರ ಮ್ಯಾಲಿಂದ! ಅದರ ಮುಂದ ಹೆಂಗ ನಿಲ್ಲಬೇಕು ಅನ್ನೂದೂ ಗೊತ್ತಿಲ್ಲೇನು ನಿನಗ?"

ಸಿಲಾಸ ಇಷ್ಟು ಜೋರಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಜುಲ್ಫಿಕಾರ ಬೆದರಿ ಹಿಂದೆ ಸರಿದ, ಚುರಮರಿ ನೆಲದ ಮೇಲೆ ಚೆಲ್ಲಿತು. ಸಿಲಾಸ ಓಡಿಹೋಗಿ, ಜೇಬಿನಿಂದ ಅರಿವೆ ತೆಗೆದು, ಹಳಿ ಒರೆಸತೊಡಗಿದ.

ಏಕನಾಥ ತಟ್ಟೆ ಹಿಡಿದುಕೊಂಡೇ ನಕ್ಕ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ಸಿಲಾಸಣ್ಣ, ನಾವು ವರ್ಷಕ್ಕೊಂದ ದಿನ ಹೂವು ಏರಸ್ತೇವಿ, ಮರುದಿನ ಕೈಕೊಟ್ರ ಅದಕ್ಕ ಒದ್ದು ಚಾಲೂ ಮಾಡ್ತೇವಿ. ನೀ ಹಂಗಲ್ಲ. ನಿಂದು ದಿನಾ ಪೂಜಿ. ನಮ್ಮೆಲ್ಲಾರಕಿಂತ ದೊಡ್ಡ ಭಕ್ತ ಅಂದ್ರ ನೀನ ನೋಡು!"

ಎಲ್ಲರೂ ನಕ್ಕರು. ರಾಜಶೇಖರರೂ ನಕ್ಕರು. ಬೂದುಗುಂಬಳ ಒಡೆಯಿತು, ಪೂಜೆ ಮುಂದುವರಿಯಿತು. ಸಿಲಾಸ ಅರಿವೆ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ. ಮೈಯೆಲ್ಲ ನಾಚಿಕೆಯಿಂದ ಬಿಸಿಯಾಗಿತ್ತು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಏಕನಾಥನಿಗೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಸಿಟ್ಟು ಬರಲಿಲ್ಲ.

ಮರುದಿನ ಸಂಜೆ ಏಕನಾಥ ಬನ್ನಿ ಎಲೆ ತಂದ. ಬಾಗಿಲಲ್ಲೇ ನಿಂತು, "ಬಂಗಾರದಂಗ ಇರೂಣು," ಎಂದು ಕೊಟ್ಟು, ಆಮೇಲೆ ತಲೆ ಕೆರೆದುಕೊಂಡ.

"ನಿನ್ನೆ ಚ್ಯಾಷ್ಟಿಗೆ ಅಂದ್ನಿ ಮಾರಾಯಾ. ಮನಸಿಗೆ ಹಚಿಗೋಬ್ಯಾಡ."

"ಚ್ಯಾಷ್ಟಿ ಅಲ್ಲ ಬಿಡು. ಖರೇನ ಅಂದಿ."

ಏಕನಾಥ ಚಹಾ ಕುಡಿದು ಎದ್ದುಹೋದ. ಅಡುಗೆಮನೆಯಿಂದ ಎಲ್ಲವನ್ನೂ ಕೇಳಿದ ಕರುಣಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಕಾರ್ಖಾನೆಯಲ್ಲಿ ಏನಾಯಿತೆಂದು ಕೇಳಿದಳು, ಗಂಡ ಹೇಳಿದ. ಅವಳು ನಗಲಿಲ್ಲ.

"ರಜನಿ ದೃಢೀಕರಣದ ದಿನ ನೆನಪೈತೇನ್ರಿ ನಿಮಗ?"

ಅವನಿಗೆ ನೆನಪಿತ್ತು. ಮಗಳು ರಜನಿಗೆ ಹದಿನೈದು. ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಸಭೆಗೆ ಸೇರಿಸಿಕೊಳ್ಳುವ ದಿನ, ಮಕ್ಕಳ ಹಿಂದೆ ತಂದೆತಾಯಿ ನಿಲ್ಲಬೇಕು. ಆವತ್ತು ಬೆಳಗ್ಗೆ ಕಾರ್ಖಾನೆಯಿಂದ ಸುದ್ದಿ ಬಂತು. ತುರ್ತು ಕೆಲಸ, ನಾಲ್ಕನೇ ನಂಬರನ್ನು ಬೇರೆ ಒಬ್ಬ ಓಡಿಸುತ್ತಾನೆ, ಸಿಲಾಸ ಬರಬೇಕಿಲ್ಲ ಎಂದು. ಬರಬೇಕಿಲ್ಲ ಎಂದದ್ದಕ್ಕೇ ಅವನು ಓಡಿದ. ಚರ್ಚಿಗೆ ಬಂದಾಗ ಕೊನೆಯ ಕೀರ್ತನೆ ಮುಗಿದಿತ್ತು.

"ಅಕಿ ಬಿಷಪ್ಪರ ಮುಂದ ಮಂಡಿ ಊರಿ ಬಾಗಲದ ಕಡೆ ನೋಡಾಕತ್ತಿದ್ಲು. ನಾ ಇಷ್ಟ ವರ್ಷ ಹೇಳಲಿಲ್ಲ. ಹೊಟ್ಟಿಗೆ ಅನ್ನ ಹಾಕೂ ಮಷೀನು, ಏನನ್ನೂದು ಅಂತ ಸುಮ್ನಿದ್ದೆ. ಸೀರೀನೂ ಕೊಟ್ಟೆ. ಆದ್ರ ನನಗ ಭಾಳ ಸಂಕಟ ಆಗಿತ್ರಿ ಆವತ್ತ."

ರಜನಿ ಈಗ ಧಾರವಾಡದ ಶಾಲೆಯಲ್ಲಿ ಕಲಿಸುತ್ತಾಳೆ, ಅವಳಿಗೇ ಒಬ್ಬ ಮಗಳಿದ್ದಾಳೆ. ತಂದೆ ಅವಳನ್ನು ಈ ಬಗ್ಗೆ ಎಂದೂ ಕೇಳಿರಲಿಲ್ಲ.

ಭಾನುವಾರದ ಆರಾಧನೆಯಲ್ಲಿ ಎಲ್ಲರೂ ಸೇರಿ ಹೇಳುವ ಪಾಪನಿವೇದನೆ ಬಂತು. ಅವನಿಗೆ ಐವತ್ತು ವರ್ಷದಿಂದ ಬಾಯಿಪಾಠ. ಅಂದು ಎರಡನೆಯ ಸಾಲಿನಲ್ಲೇ ನಾಲಗೆ ತೊಡರಿತು. ಸಾಕ್ಷಿಯ ಹೊತ್ತಿಗೆ ಸಭಾಪಾಲಕರು ಮುಖ ಅರಳಿಸಿ ಅವನ ಕಡೆ ನೋಡಿದರು. ನಿವೃತ್ತಿಯ ವರ್ಷ ಬೇರೆ, ಹುಡುಗರೆಲ್ಲ ಮುಂದೆ ಬಂದು ಕೂತಿದ್ದರು. ಸಿಲಾಸ ಎದ್ದು ನಿಂತ.

"ಫಕೀರಪ್ಪ ಸಾವ್ಕಾರ್ರು ನನಗ ಎಂದೂ ಬಾಗಲಾ ತೋರಿಸಿಲ್ರಿ. ಛಲೋ ಮನಿಷ್ಯಾ. ಬಾಕಿದ್ದು ಹೇಳೂ ಹಂಗಿಲ್ಲ, ಮೊದಲ ಮಾಡಬೇಕಾಗೇತಿ," ಎಂದು ಕೂತುಬಿಟ್ಟ.

ಸಭಾಪಾಲಕರು, ಸಿಲಾಸಣ್ಣನವರ ನಮ್ರತೆ ನಮಗೆಲ್ಲ ಮಾದರಿ ಎಂದರು. ಕೆಲವರು ಆಮೆನ್ ಎಂದರು. ಇಷ್ಟು ವರ್ಷ ಕಟ್ಟಿದ ಹೆಸರು ಒಂದು ಮಾತಿಗೆ ಬೀಳುತ್ತದೆಯೇ?

ಸೋಮವಾರ ಸಿಲಾಸ ಅರ್ಧ ಗಂಟೆ ಮೊದಲು ಬರಲಿಲ್ಲ, ಎಲ್ಲರ ಜೊತೆ ಬಂದ. ಜುಲ್ಫಿಕಾರ ಹಳದಿ ಗೆರೆಯ ಆಚೆ ಚಪ್ಪಲಿ ಬಿಚ್ಚುತ್ತಿದ್ದ. ಶುಕ್ರವಾರದ ಪೆಟ್ಟು ಅವನ ಮುಖದಲ್ಲಿ ಇನ್ನೂ ಇತ್ತು.

"ಜುಲ್ಫಿಕಾರ, ಬಾ ಇಲ್ಲೆ. ನಿನ್ನ ಕೈಯಾಗ ಐಬಿಲ್ಲ. ಐಬು ಇದರಾಗ ಐತಿ. ನನಗ ಗೊತ್ತಿತ್ತು, ಹೇಳಲಿಲ್ಲ. ತಪ್ಪು ನಂದು."

ಜುಲ್ಫಿಕಾರ ಅವನನ್ನೇ ನೋಡಿದ. ಒಂದೂವರೆ ತಿಂಗಳ ಕೆಟ್ಟ ಶಾಫ್ಟುಗಳು, ತಿನ್ನದ ಡಬ್ಬಿಗಳು ಎಲ್ಲ ಆ ನೋಟದಲ್ಲಿದ್ದವು. "ಯಾಕ ಚಾಚಾ?" ಎಂದಷ್ಟೇ ಕೇಳಿದ. ಸಿಲಾಸ ಸೀಮೆಸುಣ್ಣದ ತುಂಡು ತೆಗೆದುಕೊಂಡು, ಎಡತುದಿಯಿಂದ ಗೇಣು ಅಳೆದು, ಹಳಿಯ ಬದಿಗೆ ಬಿಳಿಯ ಗೆರೆ ಎಳೆದ.

ವೆಲ್ಡಿಂಗಿನ ಕನ್ನಡಕ ಮೇಲೆತ್ತಿ ನೋಡುತ್ತಿದ್ದ ಏಕನಾಥ, "ಕಡೀಕ ನಿನ್ನ ಕೈಲೇನ ವಿಭೂತಿ ಹಚ್ಚಿದಿ ನೋಡು!" ಎಂದ. ಸಿಲಾಸನಿಗೆ ನಿಜವಾಗಿ ನಗು ಬಂತು.

ಉಕ್ಕು ಕಚ್ಚಿಸಿ, ಜುಲ್ಫಿಕಾರನ ಕೈಯನ್ನು ಚಕ್ರದ ಮೇಲಿಟ್ಟು, ತನ್ನ ಕೈಯನ್ನು ಅದರ ಮೇಲಿಟ್ಟ. ಸದ್ದು ಭಾರವಾದಾಗ ಒಂದೂವರೆ ಗೆರೆ ಒಳಗೆ. ದಾಟಿದ ಮೇಲೆ ಹಿಂದಕ್ಕೆ. ಎರಡನೆಯ ಸಲ ಬರೀ ಬಾಯಲ್ಲಿ ಹೇಳಿದ. ಮೂರನೆಯ ಸಲ ಅದನ್ನೂ ಹೇಳಲಿಲ್ಲ, ಜುಲ್ಫಿಕಾರ ತಾನೇ ಸದ್ದು ಹಿಡಿದ. ರಾಜಶೇಖರರು ಬಂದು ಮೈಕ್ರೋಮೀಟರಿನಿಂದ ಆ ಶಾಫ್ಟನ್ನು ಐದು ಕಡೆ ಅಳೆದರು, ನಂಬದೆ ಮತ್ತೆ ಐದು ಕಡೆ ಅಳೆದರು. ಎಲ್ಲ ಕಡೆಯೂ ಒಂದೇ. ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತು. ಕಲಿಸಲು ಶುರು ಮಾಡಿದ್ದು ಒಂಬತ್ತಕ್ಕೆ. ಸಿಲಾಸ ಜೀವಮಾನವೆಲ್ಲ ಎದೆಗೆ ಅವಚಿಕೊಂಡಿದ್ದ ಗುಟ್ಟಿನ ಅಳತೆ ಇಪ್ಪತ್ತು ನಿಮಿಷ.

"ಹಂಗಾದ್ರ ಎರಡು ವರ್ಷದ ಮಾತು?" ಎಂದು ರಾಜಶೇಖರರು ಮುಜುಗರದಿಂದ ಕೇಳಿದರು.

"ಬ್ಯಾಡ್ರಿ," ಎಂದ ಸಿಲಾಸ. ಆ ಯಂತ್ರ ಬಿಟ್ಟು ಹೋಗುವುದು ಅವನಿಗೆ ನಿಜಕ್ಕೂ ದುಃಖ, ಮನುಷ್ಯರನ್ನು ಬಿಟ್ಟು ಹೋಗುವಷ್ಟೇ ದುಃಖ. ತಪ್ಪು ಗೊತ್ತಾದ ಮಾತ್ರಕ್ಕೆ ಪ್ರೀತಿ ಅರ್ಧಕ್ಕೆ ನಿಲ್ಲುವುದಿಲ್ಲವಲ್ಲ.

ಅಕ್ಟೋಬರ್ ಕೊನೆಯ ದಿನ ಶಾಲು, ಫೋಟೋ, ಪೇಢೆ ಎಲ್ಲ ಆಯಿತು. ಹೊರಡುವ ಮೊದಲು ಸಿಲಾಸ ಮೂಲೆಗೆ ಹೋದ. ಜುಲ್ಫಿಕಾರ ಕೆಲಸದಲ್ಲಿದ್ದ, ಕಾಲಲ್ಲಿ ಬೀದಿಯ ಚಪ್ಪಲಿಯೇ ಇತ್ತು. ಚಹಾ ಕುಡಿದ ಗ್ಲಾಸನ್ನು ಲೇಥಿನ ನೆತ್ತಿಯ ಮೇಲೆ, ದಿನಾ ಬೆಳಗ್ಗೆ ಸಿಲಾಸ ಅಂಗೈ ಇಡುತ್ತಿದ್ದ ಜಾಗದಲ್ಲೇ ಇಟ್ಟಿದ್ದ. ಸಿಲಾಸನನ್ನು ಕಂಡು ಗಡಿಬಿಡಿಯಿಂದ ಗ್ಲಾಸು ಎತ್ತಿಕೊಂಡ. ಅಲ್ಲಿ ಚಹಾದ ದುಂಡಗಿನ ಕಲೆ ಉಳಿಯಿತು.

ಸಿಲಾಸನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅರಿವೆ ಸಿಕ್ಕಿತು. ಸ್ವಲ್ಪ ಹೊತ್ತು ಅದನ್ನು ಜೇಬಿನಲ್ಲೇ ಮುಷ್ಟಿ ಹಿಡಿದು ನಿಂತ.

"ಇರಲಿ, ಇಡು," ಎಂದ. ಅರಿವೆ ತೆಗೆದು ಮುಖ ಒರೆಸಿಕೊಂಡು, ಧಾರವಾಡದ ಬಸ್ಸು ಹಿಡಿಯಲು ಹೊರಟ. ಕರುಣಾಬಾಯಿ ನಿಲ್ದಾಣದಲ್ಲಿ ಕಾಯುತ್ತಿದ್ದಳು. ರಜನಿಗೆ ಹೇಳಬೇಕಾದ ಮಾತು ಒಂದು ಇತ್ತು, ಹದಿನೇಳು ವರ್ಷ ತಡವಾಗಿ.